ಅಕ್ಕನ ಪರದೆ

ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾನೂ ಅಕ್ಕನೂ ಹತ್ತೊಂಬತ್ತು ವರ್ಷ ಅಕ್ಷರ ಜೋಡಿಸಿದೆವು. ಶಾಲೆಯ ಪ್ರಶ್ನೆಪತ್ರಿಕೆ, ಆಹ್ವಾನ ಪತ್ರಿಕೆ, ಯಾರೂ ಕೊಳ್ಳದ ಕವನ ಸಂಕಲನ, ಹೀಗೆ ಬಂದದ್ದನ್ನೆಲ್ಲ ಮಾಡುತ್ತಿದ್ದೆವು. ಎರಡು ಮೇಜು, ಎದುರುಬದುರು. ನಾನು ಟೈಪ್ ಮಾಡುವವಳು, ಅವಳು ತಿದ್ದುವವಳು. ಪುಟ ಮುಗಿದ ಕೂಡಲೇ ಅವಳ ಕಂಪ್ಯೂಟರಿಗೆ ಕಳಿಸಿ, "ಬಂತಾ?" ಎನ್ನುತ್ತಿದ್ದೆ.

"ಬಂತು. ತಪ್ಪುಗಳೂ ಜೊತೇಲೇ ಬಂದಿವೆ," ಎನ್ನುತ್ತಿದ್ದಳು.

ಊರಿನವರು ಅವಳಿಗೆ ಭೂತಗನ್ನಡಿ ಎಂದೇ ಹೆಸರಿಟ್ಟಿದ್ದರು. ಒಂದು ಒತ್ತಕ್ಷರ ಬಿದ್ದುಹೋಗಿದ್ದರೂ ಅವಳ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ.

ಆ ಕಣ್ಣೇ ಕೈಕೊಟ್ಟಿತು. ನೇರವಾಗಿ ನೋಡಿದ್ದು ಮಸಿ ಒರೆಸಿದ ಹಾಗೆ ಕಾಣುತ್ತಿತ್ತು. ಅಂಚಿನಲ್ಲಿದ್ದದ್ದು ಮಾತ್ರ ಸ್ಪಷ್ಟ. ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಕೆಲವು ತಿಂಗಳು ಅಕ್ಕ ಹಟ ಹಿಡಿದು ಬಂದಳು. ಪರದೆಯ ಮೇಲೆ ಮೌಸಿನ ಬಾಣ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತಿತ್ತು. ನಾನು ಏನೂ ಕಾಣದವಳಂತೆ ತಲೆತಗ್ಗಿಸಿಕೊಂಡಿರುತ್ತಿದ್ದೆ. ಒಂದು ದಿನ, "ಮೆಟ್ಟಿಲು ಹತ್ತೋಕೆ ಆಗಲ್ಲ ಕಣೇ," ಎಂದು ಮನೆಯಲ್ಲೇ ಉಳಿದುಬಿಟ್ಟಳು. ಮೆಟ್ಟಿಲನ್ನು ಅವಳು ನನಗಿಂತ ಚೆನ್ನಾಗಿ ಹತ್ತುತ್ತಿದ್ದಳು.

ಒಂದೂವರೆ ವರ್ಷ ಅವಳ ಕಂಪ್ಯೂಟರ್ ಮೇಲೆ ಟವೆಲ್ ಹೊದಿಸಿಯೇ ಇತ್ತು.

ಹಾಗಿರುವಾಗ ಸೂಲಗಿತ್ತಿಯಮ್ಮ ಬಂದರು. ಊರಿನ ಅರ್ಧ ಜನರನ್ನು ಭೂಮಿಗೆ ತಂದ ಕೈ ಅದು. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ತಮ್ಮ ಅನುಭವಗಳನ್ನು ಏಳು ನೋಟ್‌ಪುಸ್ತಕಗಳ ತುಂಬ ಬರೆದಿದ್ದರು. ಆ ಅಕ್ಷರವೋ, ಇರುವೆಗೆ ಶಾಯಿ ಮೆತ್ತಿ ಓಡಿಸಿದ ಹಾಗೆ. ಪುಟಗಳನ್ನು ಸ್ಕ್ಯಾನ್ ಮಾಡಿಕೊಂಡೆ. ಒಂದೇ ಪರದೆಯಲ್ಲಿ ಅವರ ಪುಟ ಒಮ್ಮೆ ತೆರೆಯಬೇಕು, ನನ್ನ ಪುಟ ಒಮ್ಮೆ ತೆರೆಯಬೇಕು. ಅತ್ತ ಓದಿ ಇತ್ತ ಬರುವಷ್ಟರಲ್ಲಿ ಅರ್ಧ ಮರೆತುಹೋಗುತ್ತಿತ್ತು.

ಮೊದಲ ಅಧ್ಯಾಯದ ಕರಡು ನೋಡಿ ಆಯಮ್ಮ ಬಿದ್ದು ಬಿದ್ದು ನಕ್ಕರು.

"ಹೆತ್ತ ಮಾರನೇ ದಿನ ಹಾಸಿಗೇಲಿ ಎದ್ದು ಕುಳಿತಳು ಅಂತ ನಾನು ಬರೆದ್ರೆ, ಎದ್ದು ಕುಣಿದಳು ಅಂತ ಹಾಕಿದ್ದೀಯಲ್ಲೇ! ಎಲ್ಲಿ ನಿಮ್ಮ ಭೂತಗನ್ನಡಿ?"

ನಗುತ್ತಲೇ ಟವೆಲ್ ಹೊದಿಸಿದ್ದ ಮೇಜಿನ ಕಡೆ ನೋಡಿದೆ.

ಇನ್ನೊಂದು ಪರದೆ ತರಿಸೋಣವೆಂದು ಕಂಪ್ಯೂಟರ್ ರಿಪೇರಿಯವರನ್ನು ಕರೆಸಿದೆ. ಅವರು ಟವೆಲ್ ಎತ್ತಿ ನೋಡಿ, "ಇದನ್ನ ಯಾಕೆ ಸುಮ್ನೆ ಕೂರಿಸಿದ್ದೀರಾ?" ಎಂದರು.

"ಹಳೇದು. ಈಗಿನ ಫೈಲು ಯಾವುದೂ ತೆರೆಯಲ್ಲ. ಪರದೇನಾದ್ರೂ ಬಿಚ್ಚಿ ನನ್ನದಕ್ಕೆ ಜೋಡಿಸೋಣ ಅಂದ್ರೆ, ಪರದೆ, ಕಂಪ್ಯೂಟರು ಎರಡೂ ಸೇರಿ ಒಂದೇ ಡಬ್ಬ."

"ಬಿಚ್ಚೋದು ಬೇಡ. ವೈರ್ ಹಾಕೋಕೂ ಬರಲ್ಲ. ಇದರಿಂದ ಚಿತ್ರ ಹೊರಗೆ ಹೋಗತ್ತೆ, ಒಳಗೆ ಬರಲ್ಲ. ಆದ್ರೆ ಎರಡರಲ್ಲೂ ಒಂದು ಸಣ್ಣ ಸಾಫ್ಟ್‌ವೇರ್ ಹಾಕಿ, ನೆಟ್‌ವರ್ಕ್ ಮೇಲೆ ಮಾತಾಡೋ ಹಾಗೆ ಮಾಡ್ತೀನಿ. ಕೆಲಸವೆಲ್ಲ ನಿಮ್ಮದು ಮಾಡತ್ತೆ, ಇದು ಬರೀ ತೋರಿಸತ್ತೆ. ಅಷ್ಟಕ್ಕೆ ಇದಕ್ಕಿನ್ನೂ ದಮ್ಮಿದೆ."

ಆನ್ ಮಾಡಿದರೆ ಪಾಸ್‌ವರ್ಡ್ ಕೇಳಿತು. ಅಕ್ಕನಿಗೆ ಫೋನ್ ಮಾಡಿದೆ.

"ಯಾಕೆ, ಯಾರಿಗಾದ್ರೂ ಕೊಡ್ತಿದ್ದೀಯಾ?" ಎಂದಳು. ದನಿ ಚಿಕ್ಕದಾಗಿತ್ತು.

"ಇಲ್ಲಕ್ಕ. ನನ್ನ ಪಕ್ಕಕ್ಕೆ ಹಾಕ್ಕೋತಿದ್ದೀನಿ."

ಪಾಸ್‌ವರ್ಡ್ ಹೇಳಿದಳು. ನಾವು ಚಿಕ್ಕವರಿದ್ದಾಗ ಸಾಕಿದ್ದ ಬೆಕ್ಕಿನ ಹೆಸರು. ಅದನ್ನು ನಾನು ಮರೆತೇ ಹೋಗಿದ್ದೆ.

ಎದುರಿಗಿದ್ದ ಮೇಜನ್ನು ಎಳೆದು ನನ್ನ ಮೇಜಿನ ಪಕ್ಕಕ್ಕೆ ತಂದೆವು. ಇಷ್ಟು ವರ್ಷ ಊರಿದ್ದ ಮೇಜಿನ ಕಾಲುಗಳ ಗುರುತು ನೆಲದ ಮೇಲೆ ಹಾಗೇ ಉಳಿಯಿತು. ಅವಳ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಬೆಳಗಿತು. ಬಾಣವನ್ನು ಬಲಕ್ಕೆ ತಳ್ಳಿದೆ. ನನ್ನ ಪರದೆಯ ಅಂಚು ದಾಟಿ, ಅರೆಗಳಿಗೆ ತಡೆದು, ಅಕ್ಕನ ಪರದೆಯಲ್ಲಿ ಕಾಣಿಸಿಕೊಂಡಿತು. ಬಾಯ್ತಪ್ಪಿ "ಬಂತಾ?" ಎಂದುಬಿಟ್ಟೆ. ರಿಪೇರಿಯವರು, "ಬಂತಲ್ಲ ಮೇಡಂ, ಕಾಣ್ತಿಲ್ವಾ?" ಎಂದರು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಪರಿಚಿತ ಹೆಜ್ಜೆಸಪ್ಪಳ.

"ನನ್ನ ಕಂಪ್ಯೂಟರಿಗೆ ಏನು ಗತಿ ಕಾಣಿಸಿದ್ದೀಯಾ ನೋಡೋಣ ಅಂತ ಬಂದೆ," ಎಂದು ಅಕ್ಕ ತನ್ನ ಕುರ್ಚಿಯನ್ನು ಕೈಯಲ್ಲಿ ತಡವಿ ಕೂತಳು. ಪಕ್ಕಪಕ್ಕ ಕೂತು ನಮಗೆ ಅಭ್ಯಾಸವಿರಲಿಲ್ಲ. ಮೊಣಕೈಗೆ ಮೊಣಕೈ ತಾಗಿತು.

ಅವಳ ಪರದೆಯಲ್ಲಿ ಸೂಲಗಿತ್ತಿಯಮ್ಮನ ಪುಟವಿತ್ತು. ನಾನು ನನ್ನ ಜಾಗದಿಂದಲೇ ಅದನ್ನು ಹಿಗ್ಗಿಸಿದೆ. ಇನ್ನೂ ಹಿಗ್ಗಿಸಿದೆ. ಕೊನೆಗೆ ಒಂದೇ ಸಾಲು ಪರದೆ ತುಂಬಿತು. ಒಂದೊಂದು ಅಕ್ಷರವೂ ಅಂಗೈಯಗಲ.

ಅಕ್ಕ ಮುಖ ಓರೆ ಮಾಡಿದಳು. ಕೋಳಿ ಕಾಳು ನೋಡುವ ಹಾಗೆ ಕಣ್ಣಂಚಿನಿಂದ ನೋಡಿದಳು. ಬಹಳ ಹೊತ್ತು. ಆಮೇಲೆ ನಿಧಾನವಾಗಿ, "ನೀರು... ಕಾಯುವಷ್ಟರಲ್ಲಿ... ಕೂಸು ಬಂದೇಬಿಟ್ಟಿತು. ಪೂರ್ಣವಿರಾಮ," ಎಂದಳು.

ನಾನು ಟೈಪ್ ಮಾಡಿದೆ. ಕಣ್ಣು ಮಂಜಾಗಿ ಎರಡು ಸಲ ತಪ್ಪು ಒತ್ತಿದೆ.

"ಮುಂದಕ್ಕೆ ಸರಿಸು. ಬಾಣ ಗೀಣ ಹುಡುಕೋದು ನನ್ನ ಕೈಲಾಗಲ್ಲ," ಎಂದಳು.

"ನೀನು ಓದು ಸಾಕು. ಸರಿಸೋದು ನನ್ನ ಪಾಲು."

ಹೀಗೆ ದಿನಕ್ಕೆ ಎರಡೋ ಮೂರೋ ಪುಟ ಸಾಗಿತು. ನಾಲ್ಕನೇ ನೋಟ್‌ಪುಸ್ತಕದಲ್ಲಿ ಒಂದು ಕಡೆ ಅಕ್ಕ ಓದುತ್ತಾ ಓದುತ್ತಾ ನಿಂತಳು.

"ಏನಾಯ್ತು? ಅಕ್ಷರ ಕಾಣ್ತಿಲ್ವಾ?"

"ಕಾಣ್ತಿದೆ," ಎಂದು ಓದಿದಳು. "ಹಂಚಿನ ಕಾರ್ಖಾನೆಯ ಗುಮಾಸ್ತರ ಮನೆ. ಎರಡನೆಯ ಹೆರಿಗೆ, ಹೆಣ್ಣು. ಬಾಗಿಲ ಬಳಿ ಎಂಟು ವರ್ಷದ ದೊಡ್ಡ ಮಗಳು ನಿಂತಿದ್ದಳು. ಇದನ್ನು ಯಾವಾಗ ವಾಪಸ್ ತಗೊಂಡು ಹೋಗ್ತೀರಾ ಎಂದು ಕೇಳಿದಳು. ಕೂಸನ್ನು ಅವಳ ಮಡಿಲಿಗೇ ಹಾಕಿದೆ. ಆಮೇಲೆ ಕೇಳಲಿಲ್ಲ."

ಹಂಚಿನ ಕಾರ್ಖಾನೆಯ ಗುಮಾಸ್ತರು ನಮ್ಮ ಅಪ್ಪ. ಆ ಕೂಸು ನಾನು. ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಸುಳ್ಳು," ಎಂದಳು ಅಕ್ಕ. "ಮಾರನೇ ದಿನಾನೂ ಕೇಳಿದ್ದೆ. ಅಮ್ಮನ ಹತ್ರ. ಬೈಸ್ಕೊಂಡೆ."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವಳು ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು. ಹಂಚಿನ ಕೆಂಪು ದೂಳು ಮೆತ್ತಿದ ಅಪ್ಪನ ಚಪ್ಪಲಿ, ನಾವಿಬ್ಬರೂ ಮಲಗುತ್ತಿದ್ದ ಕಿರಿದಾದ ಮಂಚ, ಅದರ ಮೇಲಿನ ಒದೆದಾಟ, ಎಲ್ಲ ಆವತ್ತು ಮಧ್ಯಾಹ್ನವಿಡೀ ಮಾತಿಗೆ ಬಂದವು. ಕೆಲಸ ಒಂದು ಪುಟವೂ ಮುಂದೆ ಹೋಗಲಿಲ್ಲ.

ಪುಸ್ತಕ ಮುಗಿಯಲು ಏಳು ತಿಂಗಳು ಹಿಡಿಯಿತು. ಸೂಲಗಿತ್ತಿಯಮ್ಮ ಮೊದಲ ಪ್ರತಿಯನ್ನು ಅಕ್ಕನ ಕೈಗೇ ಕೊಟ್ಟರು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು, ಹೊಸ ಕಾಗದದ ವಾಸನೆಯನ್ನು ಎದೆ ತುಂಬ ಎಳೆದುಕೊಂಡಳು.

ಅಕ್ಕನ ಕಣ್ಣು ಸುಧಾರಿಸಿಲ್ಲ. ಕಂಪ್ಯೂಟರೂ ಅಷ್ಟೇ, ಬೇಗ ಬಿಸಿಯಾಗುತ್ತದೆ, ನಡುನಡುವೆ ಆರಿಸಿ ಇಡಬೇಕು. ಆಗ ಅವಳು ಕಿಟಕಿ ಬಳಿ ಹೋಗಿ ನಿಂತು ರಸ್ತೆಯ ಸದ್ದು ಕೇಳುತ್ತಾಳೆ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತಕ್ಕೆಲ್ಲ ಬಂದುಬಿಡುತ್ತಾಳೆ. ಈಗ ನಿವೃತ್ತ ಮೇಷ್ಟ್ರೊಬ್ಬರ ಕೀಟಗಳ ಪುಸ್ತಕ ಕೈಯಲ್ಲಿದೆ. ನೂರಾ ಹನ್ನೆರಡನೆಯ ಪುಟದ ಚಿತ್ರವನ್ನು ಪರದೆ ತುಂಬ ಹಿಗ್ಗಿಸಿ ಜೀರುಂಡೆಯ ಕಾಲುಗಳನ್ನು ಎಣಿಸುತ್ತಿದ್ದೇವೆ.