ಗೋಡೆ ಮೇಲಿನ ಹೆಡ್ ಮಾಸ್ತರು

ಆವರಗೆರೆಯ ಸರ್ಕಾರಿ ಶಾಲೆಯ ಹೆಡ್ ಮಾಸ್ತರು ತಿಪ್ಪೇರುದ್ರಪ್ಪನವರು ಆಗಸ್ಟ್ ಕೊನೆಗೆ ನಿವೃತ್ತರಾದಾಗ ಶಾಲೆಯ ಜವಾಬ್ದಾರಿ ಶಾಂತಲಾ ಟೀಚರ ಹೆಗಲಿಗೆ ಬಿತ್ತು. ಬೀಗದಕೈ, ಬಿಸಿಯೂಟ, ಮೀಟಿಂಗು ಎಲ್ಲವನ್ನೂ ಹೇಗೋ ಸಂಭಾಳಿಸಬಹುದಿತ್ತು. ಅವಳ ನಿದ್ದೆ ಕೆಡಿಸಿದ್ದು ಎರಡನೇ ಕ್ಲಾಸಿನ ಸುಷ್ಮಾ.

ಹಿಂದಿನ ವರ್ಷ ತಾಯಿ ತೀರಿಕೊಂಡ ಮೇಲೆ ಸುಷ್ಮಾ ಎರಡು ತಿಂಗಳು ಶಾಲೆಯ ಕಡೆ ತಲೆ ಹಾಕಿರಲಿಲ್ಲ. ಅಜ್ಜಿ ದ್ಯಾಮವ್ವ ಮಂಡಕ್ಕಿ ಭಟ್ಟಿಯ ಕೆಲಸಕ್ಕೆ ಹೋದರೆ ಹುಡುಗಿ ಚಿಲಕ ಹಾಕಿಕೊಂಡು ಒಳಗೇ ಕೂತಿರುತ್ತಿದ್ದಳು. ಆಮೇಲೆ ಹೆಡ್ ಮಾಸ್ತರು ದಿನಾ ಬೆಳಿಗ್ಗೆ ಹರಿಹರದ ಬಸ್ಸಿಳಿದು ನೆಟ್ಟಗೆ ಆ ಮನೆಗೆ ಹೋಗಿ, ಹೊಸ್ತಿಲ ಮೇಲೆ ಕೂತು, ಅದೂ ಇದೂ ಮಾತಾಡಿ, ಬೆರಳು ಹಿಡಿಸಿಕೊಂಡು ಅವಳನ್ನು ಕರೆತರುತ್ತಿದ್ದರು. ಈಗ ಅವರೇ ಇಲ್ಲವೆಂದರೆ ಆ ಕೂಸು ಮತ್ತೆ ಒಳಗೆ ಸೇರಿಕೊಳ್ಳುತ್ತದೆ ಎಂಬುದೇ ಶಾಂತಲಾಳ ಹೆದರಿಕೆ.

ಅವಳಿಗೊಂದು ಉಪಾಯ ಹೊಳೆಯಿತು. ಹೊಳೆಯದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಪೇಟೆಯ ಪಿ.ಜೆ. ಬಡಾವಣೆಯ ಸ್ಟುಡಿಯೋದಲ್ಲಿ ಹೆಡ್ ಮಾಸ್ತರ ದೊಡ್ಡ ಫೋಟೋಗೆ ಕಟ್ಟು ಹಾಕಿಸಿ, ಪ್ರಾರ್ಥನೆಯ ಹಾಲಿನಲ್ಲಿ ದೇಶನಾಯಕರ ಸಾಲಿನ ಕೊನೆಗೆ ತೂಗುಹಾಕಿದಳು. ಉಳಿದವಕ್ಕೆಲ್ಲ ಗಂಧದ ಹಾರವಿದೆ, ಇದೊಂದೇ ಬೋಳುಬೋಳಾಗಿ ಕಾಣುತ್ತದೆ ಎಂದು ಕೈಯಾರೆ ಒಂದು ಹಾರವನ್ನೂ ಹಾಕಿದಳು. ಆ ಸಾಲಿನಲ್ಲಿ ಬದುಕಿರುವವರು ಬೇರೆ ಒಬ್ಬರೂ ಇಲ್ಲ ಎಂಬುದು ಮಕ್ಕಳ ಮನಸ್ಸಿನ ಪಾಠ ಓದಿ ಪಾಸಾದವಳ ತಲೆಗೆ ಹೋಗಲೇ ಇಲ್ಲ.

ಸೋಮವಾರ ದ್ಯಾಮವ್ವನೇ ಸುಷ್ಮಾಳನ್ನು ತಂದು ಬಿಟ್ಟುಹೋದಳು. ಪ್ರಾರ್ಥನೆ ಮುಗಿದ ಮೇಲೆ ಶಾಂತಲಾ ಫೋಟೋ ಕಡೆ ಕೈ ತೋರಿಸಿದಳು. "ಮಕ್ಳೇ, ಹೆಡ್ ಮಾಸ್ತರು ಎಲ್ಲೂ ಹೋಗಿಲ್ಲ. ಇಲ್ಲೇ ಅದಾರೆ. ದಿನಾ ನಿಮ್ಮನ್ನ ನೋಡ್ತಿರ್ತಾರೆ."

ದೊಡ್ಡ ಹುಡುಗರು ಮುಸಿಮುಸಿ ನಕ್ಕರು. ಸುಷ್ಮಾ ನಗಲಿಲ್ಲ. ಎದ್ದು, ಬ್ಯಾಗನ್ನೂ ತೆಗೆದುಕೊಳ್ಳದೆ, ಗೇಟು ದಾಟಿ ಹೋಗಿಬಿಟ್ಟಳು.

ಮಾರನೇ ದಿನ ಬರಲಿಲ್ಲ, ಅದರ ಮಾರನೇ ದಿನವೂ ಇಲ್ಲ. ಬ್ಯಾಗು ಹಿಡಿದುಕೊಂಡು ಶಾಂತಲಾ ಮನೆಗೆ ಹೋದರೆ ಒಳಗಿಂದ ಚಿಲಕ. ಕೆಲಸ ಬಿಟ್ಟು ದ್ಯಾಮವ್ವ ಹೊರಗೆ ಕೂತಿದ್ದಳು.

"ಎಂಥಾ ಕೆಲ್ಸ ಮಾಡಿದ್ರಿ ಟೀಚರಮ್ಮ! ಅವರವ್ವನ ಫೋಟಕ್ಕೆ ಹಾರ ಹಾಕಿ ನಾನೂ ಇದೇ ಮಾತು ಹೇಳಿದ್ದೆ. ಎಲ್ಲೂ ಹೋಗಿಲ್ಲ, ಇಲ್ಲೇ ಅದಾಳೆ, ನಿನ್ನ ನೋಡ್ತಿರ್ತಾಳೆ ಅಂತ. ಈಗ ಸಾರೂ ಸತ್ತೋದ್ರು ಅಂತೈತೆ. ಇಲ್ಲ ಅಂದ್ರೆ ನಂಬಂಗೇ ಇಲ್ಲ."

ಶಾಂತಲಾಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೆಡ್ ಮಾಸ್ತರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಕಿಟಕಿಯ ಹತ್ತಿರ ಹಿಡಿದಳು. ಒಳಗಿಂದ ಸಣ್ಣ ದನಿ ಬಂತು: "ನಮ್ಮವ್ವಂದೂ ವಿಡಿಯೋ ಐತೆ."

ಅಲ್ಲಿಂದಲೇ ಬಸ್ಸು ಹತ್ತಿ ಹರಿಹರಕ್ಕೆ ಹೋದಳು. ತಿಪ್ಪೇರುದ್ರಪ್ಪನವರು ಎಲ್ಲ ಕೇಳಿ ತಲೆ ಅಲ್ಲಾಡಿಸಿದರು.

"ಬ್ಯಾಡಮ್ಮ ಶಾಂತಲಾ. ನಾನು ಬಂದು ಮತ್ತೆ ಹೊಂಟ್ರೆ ಆ ಕೂಸಿಗೆ ಎರಡು ಸಲ ಹೋದಂಗಾಗ್ತದೆ."

"ಒಂದೇ ಒಂದ್ ಸಲ ಬರ್ರಿ ಸಾರ್. ಜೀವಂತ ಅದೀರಿ ಅಂತ ಗೊತ್ತಾದ್ರೆ ಸಾಕು," ಎಂದು ಶಾಂತಲಾ ಅತ್ತೇಬಿಟ್ಟಳು. ಹೆಣ್ಣುಮಗಳು ಅಳುವುದನ್ನು ನೋಡಲಾರದೆ ಅವರು ಅಂಗಿ ತೊಟ್ಟರು.

ಸುಷ್ಮಾಳ ಮನೆಯ ಹೊಸ್ತಿಲ ಮೇಲೆ ಕೂತು ಅವರು ಎಂದಿನಂತೆ ಹೆಸರು ಹಿಡಿದು ಕರೆದಾಗ ಚಿಲಕ ಸರಿಯಿತು. ಸುಷ್ಮಾ ಅವರ ಮೊಣಕಾಲು ಮುಟ್ಟಿದಳು. ತೋಳು ಚಿವುಟಿದಳು. ಅವರು "ಹಾ" ಎಂದಾಗ ಮುಖ ಅರಳಿತು. ಶಾಂತಲಾಳ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

"ಎಲ್ಲಿದ್ರಿ ಸಾರ್?"

"ಹರಿಹರದಾಗೆ ಇದ್ದೆ ಕಣವ್ವ."

"ಯಾರು ಕರ್ಕಂಬಂದ್ರು?"

"ನಿಮ್ಮ ಟೀಚರು."

ಸುಷ್ಮಾ ಮೊದಲ ಸಲ ಶಾಂತಲಾಳ ಕಡೆ ತಿರುಗಿದಳು. ಓಡಿಬಂದು ಎರಡೂ ಕೈ ಹಿಡಿದುಕೊಂಡಳು.

"ಟೀಚರ್, ನಮ್ಮವ್ವನ್ನೂ ಕರ್ಕಂಬರ್ರಿ. ನಾನು ದಿನಾ ಸಾಲಿಗೆ ಬರ್ತೀನಿ."

ದ್ಯಾಮವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಡ್ ಮಾಸ್ತರು ಮುಖ ಆಚೆ ತಿರುಗಿಸಿದರು. ಇಲ್ಲ ಎನ್ನಬೇಕಿತ್ತು ಶಾಂತಲಾ. ಇಲ್ಲ ಎಂದರೆ ಆ ಬಾಗಿಲು ಮತ್ತೆ ಹಾಕಿಕೊಳ್ಳುತ್ತದೆ, ಇನ್ನು ಯಾರು ಬಂದರೂ ತೆಗೆಯುವುದಿಲ್ಲ ಎಂದು ಜೀವ ಹೆದರಿತು. "ಹೂಂ" ಎಂದುಬಿಟ್ಟಳು.

ಅಂದಿನಿಂದ ಸುಷ್ಮಾ ಒಂದು ದಿನವೂ ತಪ್ಪಿಸಿಲ್ಲ. ಎಲ್ಲರಿಗಿಂತ ಮೊದಲೇ ಬಂದು ಗೇಟಿನ ಹತ್ತಿರ ನಿಂತಿರುತ್ತಾಳೆ. ಟೀಚರು ಬಂದ ಕೂಡಲೇ ಅವರ ಬೆನ್ನ ಹಿಂದೆ ಬಗ್ಗಿ ನೋಡುತ್ತಾಳೆ.

"ಇವತ್ತೂ ಸಿಗಲಿಲ್ಲೇನ್ರಿ ಟೀಚರ್?"

"ಇವತ್ತು ಇಲ್ಲ ಕಂದಾ," ಎನ್ನುತ್ತಾಳೆ ಶಾಂತಲಾ.