ಷಡ್ಡಕನ ಎಡಿಟರ್

"ಅಜ್ಜನಿಗೆ ಅರಳು ಮರಳು, ಎಲ್ಲಾ ಕಟ್ಟಿ ಹೇಳ್ತಾನೆ" ಅಂತ ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ದು ಯಾರು? ಬಾಯಿ ಮುಚ್ಕೊಂಡು ಈ ವಾಯ್ಸ್ ಮೆಸೇಜ್ ಕೇಳಿ. ನಿಮಗೆ ನಿನ್ನೆ ತಿಂದಿದ್ದೇ ನೆನಪಿರಲ್ಲ. ನನಗೆ ನಾನು ಕೆಲಸ ಮಾಡ್ತಿದ್ದ ಆಫೀಸಿನ ಕಂಪ್ಯೂಟರ್ ಪ್ರೋಗ್ರಾಮಿನ ಒಂದೊಂದು ಫಂಕ್ಷನ್ನೂ ನಾಲಿಗೆ ತುದೀಲಿದೆ.

ಬಸ್ ಸೀಟು ಕಾದಿರಿಸೋ ಪ್ರೋಗ್ರಾಂ ನಮ್ಮದು. ಅರ್ಧಕ್ಕರ್ಧ ನಾನೇ ಬರೆದಿದ್ದು. ಫಂಕ್ಷನ್ ಅಂದ್ರೆ ಮದುವೆ ಮುಂಜಿ ಅಲ್ಲ, ಅದರೊಳಗೆ ಒಂದೊಂದು ಕೆಲಸ ಮಾಡೋ ಕೋಡಿನ ತುಂಡು. ಯಾವ ಫಂಕ್ಷನ್ ಏನು ಮಾಡುತ್ತೆ ಅಂತ ಮಾತ್ರ ಒಂದಕ್ಷರ ಬರೆದಿಡಲಿಲ್ಲ. ಯಾಕೆ ಬರೀಲಿ? ಬರೆದ್ರೆ ನನ್ನನ್ನ ಯಾರು ಕೇಳ್ತಾರೆ? ದಿನಾ ಬೆಳಗ್ಗೆ ನನ್ನ ಮೇಜಿನ ಮುಂದೆ ನಾಲ್ಕು ಜನ ನಿಂತಿರೋರು. ಆ ಗತ್ತೇ ಬೇರೆ.

ಆಮೇಲೆ ಬಂದ ನೋಡಿ ನನ್ನ ಷಡ್ಡಕ, ಹೆಂಡತಿ ತಂಗಿ ಗಂಡ. ಕೆಲಸ ಕೊಡಿಸಿದ್ದೂ ನಾನೇ! ಆರೇ ತಿಂಗಳು, ನನ್ನ ಮೇಜಿನ ಮುಂದೆ ಬರೀ ನೊಣ. ಜನ ಎಲ್ಲಾ ಅವನ ಹತ್ರ. ಅವನ ಎಡಿಟರಲ್ಲಿ, ಅಂದ್ರೆ ಕೋಡ್ ಬರೆಯೋ ಸಾಫ್ಟ್‌ವೇರಲ್ಲಿ, ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಒಂದು ಕೀ ಒತ್ತಿದ್ರೆ, ಪಕ್ಕದಲ್ಲೇ ಅದರ ವಿವರ ಬಿಚ್ಕೊಳ್ಳುತ್ತಂತೆ. ನನ್ನದು ಹಳೇ ಕಪ್ಪು ಸ್ಕ್ರೀನ್, ಏನೂ ಬಿಚ್ಚಲ್ಲ. ಅಷ್ಟರಲ್ಲಿ ಮ್ಯಾನೇಜರಮ್ಮ, "ಇನ್ಮೇಲೆ ಎಲ್ಲರಿಗೂ ಒಂದೇ ಎಡಿಟರ್. ಯಾವುದು ಅಂತ ಶುಕ್ರವಾರ ಕೈ ಎತ್ತಿ" ಅಂದ್ರು.

ಮನೇಲೂ ಅದೇ ಜಪ. "ನೀವೂ ಅದನ್ನೇ ಹಾಕ್ಕೊಳ್ರೀ" ಅಂದ್ಲು ಹೆಂಡತಿ.

"ನಿನ್ನ ತಂಗಿ ಗಂಡ ಬಾವಿಗೆ ಬಿದ್ರೆ ನಾನೂ ಬೀಳ್ಲಾ?"

"ಅವರು ಬಿದ್ರೆ ಎತ್ತೋಕೆ ನಾಲ್ಕು ಜನ ಬರ್ತಾರೆ!"



ಗುರುವಾರ ಎಲ್ಲರೂ ಊಟಕ್ಕೆ ಎದ್ದಾಗ ಅವನ ಸೀಟಲ್ಲಿ ಕೂತೆ. ಏನಾದ್ರೂ ಹುಳುಕು ಹುಡುಕಿ, ಮರುದಿನ ಎಲ್ಲರೆದುರು ಮಾನ ಕಳೀಬೇಕು. ಸೀಟು ರದ್ದು ಮಾಡೋ ಫಂಕ್ಷನ್ ಮೇಲೆ ಕೀ ಒತ್ತಿದೆ. ಬಿಚ್ಕೊಳ್ತು: "ಮೊದಲು ಬಸ್ ನಂಬರ್, ಆಮೇಲೆ ಸೀಟ್ ನಂಬರ್. ಹಿಂದುಮುಂದು ಮಾಡಿದ್ರೆ ಪಕ್ಕದವನ ಸೀಟು ಹಾರಿಹೋಗುತ್ತೆ, ದಡ್ಡ ಶಿಖಾಮಣಿ!"

ಅಯ್ಯೋ, ಅದು ನನ್ನ ಮಾತು! ಇನ್ನೊಂದು ಒತ್ತಿದೆ, ಅದೂ ನನ್ನದೇ. ನಾನು ಬಾಯಲ್ಲಿ ಹೇಳಿದ್ದನ್ನೆಲ್ಲ ಆ ಕಳ್ಳ ಒಂದೊಂದು ಫಂಕ್ಷನ್ ತಲೆ ಮೇಲೂ ಟೈಪ್ ಮಾಡಿಟ್ಟಿದ್ದ. ಎಡಿಟರ್ ಅದನ್ನೇ ತೋರಿಸ್ತಿತ್ತು.

ತಿರುಗಿದ್ರೆ ಹಿಂದೆ ಅವನೇ ನಿಂತಿದ್ದಾನೆ.

"ಅಣ್ಣಾ, ಎರಡನೇ ಸಲ ಕೇಳಿದ್ರೆ ಬೈತೀರಲ್ಲ. ಅದಕ್ಕೆ ಒಂದೇ ಸಲ ಬೈಸ್ಕೊಂಡು ಬರೆದಿಟ್ಟೆ."

"ನನ್ನ ಹೆಸರೆಲ್ಲೋ?"

"ಬೈಗುಳ ನೋಡಿದ್ರೆ ಗೊತ್ತಾಗಲ್ವಾ ಅಣ್ಣಾ?"

ಶುಕ್ರವಾರ ಅವನ ಎಡಿಟರಿಗೆ ಮೊದಲು ಕೈ ಎತ್ತಿದ್ದು ನಾನೇ. ಎಷ್ಟು ದೊಡ್ಡ ಮನಸ್ಸು ಅಂದ್ರು. ಮನಸ್ಸೂ ಇಲ್ಲ, ಮಣ್ಣೂ ಇಲ್ಲ! ಬೇರೆ ಎಡಿಟರ್ ಗೆದ್ದು, ಅದು ವಿವರ ತೋರಿಸದೇ ಹೋದ್ರೆ ನನ್ನ ಮಾತು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಆದ್ರೆ ಎಲ್ಲರೂ ಥ್ಯಾಂಕ್ಸ್ ಹೇಳಿದ್ದು ಅವನಿಗೇ. ಇವತ್ತಿಗೂ ಉರಿಯುತ್ತೆ.

ಇದನ್ನ ಎಲ್ಲರಿಗೂ ಕಳಿಸಿ. ಅವನ ಮಕ್ಕಳಿರೋ ಗ್ರೂಪಿಗೆ ಮೊದಲು.