ಕಲ್ಲಿನ ಸಂದಿಯ ನೂಕುನುಗ್ಗಲು

ನಮ್ಮ ಕಡಲ ಕರೆಯಲ್ಲಿ ಒಮ್ಮೊಮ್ಮೆ ಬೂತಾಯಿ ಮೀನಿನ ಹಿಂಡು ತೆರೆಯೊಂದಿಗೆ ದಡಕ್ಕೇ ಬಂದು ಬೀಳುತ್ತದೆ. ಬಲೆ ಬೇಡ, ದೋಣಿ ಬೇಡ, ಬುಟ್ಟಿ ಇದ್ದರೆ ಸಾಕು. "ಬೂತಾಯಿ ಬಿತ್ತು" ಎಂದು ಯಾರಾದರೂ ಕೂಗಿದರೆ ಒಲೆಯ ಮೇಲಿನ ಗಂಜಿಯನ್ನೂ ಬಿಟ್ಟು ಜನ ಓಡುತ್ತಾರೆ. ಉಚ್ಚಿಲದಿಂದ, ಕಾಪುವಿನಿಂದ ಬೈಕಿನಲ್ಲಿ ಬರುವವರೂ ಇದ್ದಾರೆ.

ಕಡಲ್ಕೊರೆತ ತಡೆಯಲು ಹಾಕಿದ ಕಲ್ಲಿನ ಗೋಡೆಯನ್ನು ದಾಟಿದರೆ ಮಾತ್ರ ದಡ. ದಾಟಲು ಹತ್ತಿರ ಇರುವುದು ಒಂದೇ ಕಿರಿದಾದ ಸಂದಿ. ಭಜನಾ ಮಂದಿರದ ಆಚೆ ಇನ್ನೊಂದಿದೆ, ಆದರೆ ಅದು ಸುತ್ತು ಎಂದು ಯಾರೂ ಹೋಗುವುದಿಲ್ಲ. ಹೀಗಾಗಿ ಹೋಗುವವರೂ ತುಂಬಿದ ಬುಟ್ಟಿ ಹೊತ್ತು ಬರುವವರೂ ಒಂದೇ ಕಡೆ ಸೇರುತ್ತಾರೆ. ಕಳೆದ ತಿಂಗಳು ಆ ಸಂದಿಯಲ್ಲಿ ಪುಷ್ಪಾವತಿ ಸತ್ತುಹೋದಳು. ಮೀನು ಮಾರಿ ಮನೆ ನಡೆಸಿದ ಗಟ್ಟಿಗಿತ್ತಿ ಅವಳು. ಪುಕ್ಕಟೆ ಸಿಗುವ ಮೀನಿಗಾಗಿ ಅಂಥವಳನ್ನು ಕಳೆದುಕೊಂಡೆವಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಅವಳ ಗಂಡ ವಾಸು ನಮ್ಮ ಮೊಗವೀರ ಕೇರಿಯ ಗುರಿಕಾರರು. ಕಡಲ ಕರೆಯಲ್ಲಿ ಹಿರಿಯರಾದ ಅವರು ಹೇಳಿದ ಮೇಲೆಯೇ ಯಾವ ಕೆಲಸವೂ ಆಗುವುದು. ಆಶಾ ಕಾರ್ಯಕರ್ತೆ ವಿಲ್ಮಾ ಬಾಯಿ ಅದಕ್ಕೇ ಅವರ ಮನೆಗೆ ಬಂದರು.

"ವಾಸಣ್ಣ, ಹೋಗುವುದು ಒಂದು ಸಂದಿಯಲ್ಲಿ, ಬರುವುದು ಮಂದಿರದ ಆಚೆಯದ್ದರಲ್ಲಿ ಅಂತ ಮಾಡುವ. ನೀವು ಹೇಳಿದರೆ ಜನ ಕೇಳ್ತಾರೆ."

"ಎಂತಕ್ಕೆ ಬಾಯಿ? ಅವಳ ಹಣೆಯಲ್ಲಿ ಬರೆದದ್ದು ಆಯಿತು. ಅಜ್ಜನ ಕಾಲದಿಂದಲೂ ನಾವು ಓಡಿಕೊಂಡೇ ಮೀನು ಹೆಕ್ಕಿದ್ದು."

"ಅಜ್ಜನ ಕಾಲದಲ್ಲಿ ಈ ಕಲ್ಲಿನ ಗೋಡೆ ಇರಲಿಲ್ಲ ಅಲ್ವಾ? ಆಗ ಕಡಲ ಕರೆಯಿಡೀ ದಾರಿಯೇ."

ವಾಸು ಮುಖ ತಿರುಗಿಸಿದರು. "ಪೇಪರಿನವರು ಕಾಲ್ತುಳಿತ ಅಂತ ಬರೆದರು. ನಮ್ಮವಳನ್ನು ನಮ್ಮ ಜನ ತುಳಿಯುತ್ತಾರಾ? ಮೈಮೇಲೆ ಒಂದು ಗಾಯ ಇರಲಿಲ್ಲ."

"ಯಾರೂ ತುಳಿಯಲಿಲ್ಲ ವಾಸಣ್ಣ. ಜನ ತುಂಬಿದರೆ ನಾವು ರಶ್ ಅಂತೇವೆ. ಒಬ್ಬರನ್ನೊಬ್ಬರು ತಳ್ಳಿದರೆ ನೂಕುನುಗ್ಗಲು. ಬಿದ್ದವರ ಮೇಲೆ ಕಾಲಿಟ್ಟರೆ ಕಾಲ್ತುಳಿತ. ಆದರೆ ಪ್ರಾಣ ಹೆಚ್ಚಾಗಿ ನೂಕುನುಗ್ಗಲಲ್ಲೇ ಹೋಗ್ತದೆ. ಎದೆ ಹಿಗ್ಗಲಿಕ್ಕೆ ಜಾಗ ಇಲ್ಲದಿದ್ದರೆ ಉಸಿರು ತೆಗೆಯಲಿಕ್ಕೆ ಆಗುವುದಿಲ್ಲ. ನಿಂತಲ್ಲೇ ಸತ್ತವರೂ ಉಂಟು."

ಬಾಗಿಲ ಬಳಿ ನಿಂತಿದ್ದ ಮಗಳು ನವ್ಯಶ್ರೀ ಆಗ ಬಾಯಿ ಬಿಟ್ಟಳು. ಆ ದಿನ ಅವಳೂ ತಾಯಿಯ ಜೊತೆಗಿದ್ದಳು.

"ಅಮ್ಮ ಬಗ್ಗಿದ್ದು, ಅಪ್ಪ. ನಾವು ವಾಪಸ್ ಬರ್ತಾ ಇದ್ದೆವು. ಎದುರಿನಿಂದ ಬಂದವರು ತಾಗಿ ಬುಟ್ಟಿ ಚೆಲ್ಲಿತು. ಅಮ್ಮ ಹೆಕ್ಕಲಿಕ್ಕೆ ಬಗ್ಗಿದಳು."

ನಮ್ಮ ಮೀನಿನ ಹೆಂಗಸರು ಹಾಗೆಯೇ. ಕಡಲು ಕೊಟ್ಟದ್ದನ್ನು ಕಾಲಿಗೆ ಸಿಗಲು ಬಿಡಬಾರದು ಎಂದು ಅತ್ತೆಯಂದಿರು ಸೊಸೆಯಂದಿರಿಗೆ ಕಲಿಸುತ್ತಾರೆ. ಚೆಲ್ಲಿದ ಮೀನು ಕಂಡರೆ ಕೈ ತಾನಾಗಿಯೇ ಕೆಳಗೆ ಹೋಗುತ್ತದೆ.

"ಮೇಲೆ ಏಳಲಿಕ್ಕೆ ಜಾಗವೇ ಇರಲಿಲ್ಲ," ಎಂದಳು ನವ್ಯಶ್ರೀ. "ಅವಳ ಮೇಲೆ ಒಬ್ಬರು ಬಿದ್ದರು, ಅವರ ಮೇಲೆ ಮತ್ತೊಬ್ಬರು. ನಿಲ್ಲಿ ಅಂತ ಎಷ್ಟು ಕಿರುಚಿದೆ. ರಸ್ತೆಯ ಕಡೆಯವರು ತಳ್ಳುತ್ತಲೇ ಇದ್ದರು."

ವಾಸು ತಮ್ಮ ಎರಡು ಅಂಗೈಗಳನ್ನು ನೋಡಿಕೊಂಡರು.

"ರಸ್ತೆಯ ಕಡೆ ನಾನಿದ್ದೆ," ಎಂದರು. "ಇವರು ಯಾಕೆ ಮುಂದೆ ಹೋಗುವುದಿಲ್ಲ ಅಂತ ಎದುರಿನವನ ಬೆನ್ನಿಗೆ ಕೈ ಕೊಟ್ಟು ನೂಕಿದೆ. ಅವಳು ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ ಬಾಯಿ."

ಗುರಿಕಾರರು ಅತ್ತದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ವಿಲ್ಮಾ ಬಾಯಿಯ ಕಣ್ಣೂ ತುಂಬಿತು. "ಹಿಂದಿನವರಿಗೆ ಗೊತ್ತಾಗುವುದಿಲ್ಲ ವಾಸಣ್ಣ," ಎಂದರು. "ಅದಕ್ಕೇ ಹಿಂದಿನವರೇ ಮೊದಲು ನಿಲ್ಲಬೇಕು."

ಮುಂದಿನ ವಾರ ಭಜನಾ ಮಂದಿರದಲ್ಲಿ ಸಭೆ ಸೇರಿತು. ಹೋಗಲು ಒಂದು ಸಂದಿ, ಬರಲು ಇನ್ನೊಂದು, ಎರಡರಲ್ಲೂ ಸೀಟಿ ಹಿಡಿದು ಒಬ್ಬೊಬ್ಬರು ನಿಲ್ಲುವುದು ಎಂದು ವಾಸು ಹೇಳಿದರು. ಯಾರೋ ಹಿಂದಿನಿಂದ, "ಸುತ್ತಿ ಬರುವಷ್ಟರಲ್ಲಿ ಮೀನು ಮುಗೀತದೆ ಮಾರಾಯ್ರೇ," ಎಂದು ಗೊಣಗಿದರು.

"ಮುಗಿಯಲಿ," ಎಂದರು ವಾಸು. "ಬೂತಾಯಿ ಮತ್ತೆ ಬರ್ತದೆ. ಇವಳ ಅಮ್ಮ ಬರುವುದಿಲ್ಲ." ಪಕ್ಕದಲ್ಲಿದ್ದ ನವ್ಯಶ್ರೀ ತಲೆ ತಗ್ಗಿಸಿದಳು. ಸಭೆ ಅದಕ್ಕೆ ಒಪ್ಪಿತು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೂಕುನುಗ್ಗಲು ಕಡಲ ಕರೆಯಲ್ಲಿ ಮಾತ್ರ ಆಗುವುದಲ್ಲ. ಕಾರ್ಕಳದ ಬಸ್ಸಿನ ಬಾಗಿಲಲ್ಲಿ, ಕಾಲೇಜಿನ ಕಾರ್ಯಕ್ರಮದ ಗೇಟಿನಲ್ಲಿ, ಊಟದ ಸಾಲಿನಲ್ಲಿ, ಎಲ್ಲಿಯೂ ಆಗಬಹುದು. ಜನರ ನಡುವೆ ಸಿಕ್ಕಿಕೊಂಡರೆ ಚಪ್ಪಲಿ ಹೋದರೂ ಮೊಬೈಲ್ ಬಿದ್ದರೂ ಬಗ್ಗಬೇಡಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ. ಎದುರು ನುಗ್ಗದೆ ಸ್ವಲ್ಪ ಸ್ವಲ್ಪವೇ ಬದಿಗೆ ಸರಿಯಿರಿ. ಬಿದ್ದರೆ ಬೇಗ ಏಳಿ, ಏಳಲಾಗದಿದ್ದರೆ ಮಗ್ಗುಲಾಗಿ ಮುದುಡಿ ತಲೆ ಮುಚ್ಚಿಕೊಳ್ಳಿ.

ನೀವು ಹಿಂದೆ ಇದ್ದೀರಾ? ಹಾಗಾದರೆ ಹೆಚ್ಚಿನ ಕೆಲಸ ನಿಮ್ಮದೇ. ಮುಂದಿನವರು ನಿಂತಿದ್ದರೆ ತಳ್ಳಬೇಡಿ, ಹಿಂದೆ ಸರಿಯಿರಿ, ನಿಮ್ಮ ಹಿಂದಿನವರಿಗೂ ಹೇಳಿ. ಅಲ್ಲಿ ಮುಂದೆ ಉಸಿರು ಕಟ್ಟಿ ನಿಂತಿರುವುದು ನಿಮ್ಮ ಮನೆಯವರೇ ಆಗಿರಬಹುದು.